ಹಿತ್ತಲಿಗೆ ವೈಟ್ ಲೆಗ್‌ಹಾರ್ನ್: ತರುವ ಮೊದಲು, ತಂದ ಮೇಲೆ

ಅಂಗಡಿಯಲ್ಲಿ ಟ್ರೇಗಟ್ಟಲೆ ಪೇರಿಸಿಟ್ಟ ಬಿಳಿ ಮೊಟ್ಟೆ ನೋಡಿದ್ದೀರಲ್ಲ, ಅದನ್ನು ಇಡುವ ಕೋಳಿಗಳೆಲ್ಲ ಹೆಚ್ಚುಕಮ್ಮಿ ಒಂದೇ ತಳಿಯ ಸಂತಾನ. ಆ ತಳಿಯ ಹೆಸರು ವೈಟ್ ಲೆಗ್‌ಹಾರ್ನ್. ಫಾರಂನ ಪಂಜರದಲ್ಲಿ ಕೂತಿರುವುದನ್ನೇ ನೋಡಿ ನೋಡಿ ಇದು ಕಾರ್ಖಾನೆಯ ಕೋಳಿ ಅಂತ ನಮಗೆ ಅನಿಸಿಬಿಟ್ಟಿದೆ. ಆದರೆ ಮೂಲದಲ್ಲಿ ಇದು ಇಟಲಿಯ ಹಳ್ಳಿ ಕೋಳಿ. ಟಸ್ಕನಿಯ ರೈತರ ಅಂಗಳದಲ್ಲಿ ಕೆದಕಿ ತಿಂದುಕೊಂಡು ಬೆಳೆದದ್ದು.

ಹಿತ್ತಲಲ್ಲಿ ಸಾಕಬಹುದಾ? ಸಾಕಬಹುದು. ಆದರೆ ನಾಟಿ ಕೋಳಿ ಸಾಕಿದ ಹಾಗೆ ಸಾಕಿದರೆ ಕೈಕೊಡುತ್ತದೆ. ನಾಟಿ ಕೋಳಿ ಮೊಟ್ಟೆ ಇಡುತ್ತದೆ, ಕಾವು ಕೂರುತ್ತದೆ, ಮರಿ ಸಾಕುತ್ತದೆ, ಹದ್ದು ಕಂಡರೆ ಕೂಗಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ, ಕೊನೆಗೆ ಸಾರಿಗೂ ಆಗುತ್ತದೆ. ಲೆಗ್‌ಹಾರ್ನ್ ಮಾಡುವುದು ಒಂದೇ ಕೆಲಸ, ಮೊಟ್ಟೆ ಇಡುವುದು. ಮಿಕ್ಕಿದ್ದೆಲ್ಲ ನಿಮ್ಮ ತಲೆಮೇಲೆ. ಈ ಲೇಖನ ಆ ಮಿಕ್ಕಿದ್ದರ ಬಗ್ಗೆ.

ಮೊದಲು ಸ್ವಲ್ಪ ಪರಿಚಯ

ಇಟಲಿಯ ಪಶ್ಚಿಮ ಕರಾವಳಿಯಲ್ಲಿ ಲಿವೋರ್ನೊ ಅಂತ ಒಂದು ಬಂದರು ಇದೆ. ಇಂಗ್ಲಿಷರ ಬಾಯಲ್ಲಿ ಅದೇ ಲೆಗ್‌ಹಾರ್ನ್ ಆಯಿತು. 1828ರ ಹೊತ್ತಿಗೆ ಅಲ್ಲಿಂದ ಹಡಗು ಹತ್ತಿದ ಕೋಳಿಗಳು ಅಮೆರಿಕ ತಲುಪಿದವು. ಮೊದಲು ಅವನ್ನು ಸುಮ್ಮನೆ 'ಇಟಾಲಿಯನ್' ಅಂತ ಕರೆಯುತ್ತಿದ್ದರು. 1870ರ ಸುಮಾರಿಗೆ ಇಂಗ್ಲೆಂಡಿಗೂ ಬಂದವು. 1874ರಲ್ಲಿ ಅಮೆರಿಕದ ತಳಿ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿತು. ಆಮೇಲೆ ಅಲ್ಲಿನವರು ಬರೀ ಮೊಟ್ಟೆಯ ಲೆಕ್ಕ ಇಟ್ಟುಕೊಂಡು ಆರಿಸುತ್ತಾ ಹೋದರು, ತಲೆಮಾರಿನಿಂದ ತಲೆಮಾರಿಗೆ ಮೊಟ್ಟೆ ಏರಿತು, ಕಾವು ಕೂರುವ ಬುದ್ಧಿ ಹೆಚ್ಚುಕಮ್ಮಿ ಮರೆತೇಹೋಯಿತು.

ಮೆಡಿಟರೇನಿಯನ್ ತೀರದ ಕೋಳಿಗಳದ್ದೇ ಒಂದು ಗುಂಪಿದೆ. ಸ್ಪೇನಿನ ಮಿನೋರ್ಕಾ, ಆಂಡಲೂಸಿಯನ್, ಮುಖವೆಲ್ಲ ಬೆಳ್ಳಗಿರುವ ಕಪ್ಪು ಸ್ಪ್ಯಾನಿಷ್, ಇಟಲಿಯದೇ ಅಂಕೋನಾ, ತಲೆಮೇಲೆ ಬಟ್ಟಲಿನಂಥ ಜುಟ್ಟು ಹೊತ್ತ ಸಿಸಿಲಿಯನ್ ಬಟರ್‌ಕಪ್. ಇವೆಲ್ಲ ಮೈಯಲ್ಲಿ ಹಗುರ, ದೊಡ್ಡ ಜುಟ್ಟು, ಬಿಳಿ ಕಿವಿ ಹಾಲೆ, ಬಿಳಿ ಮೊಟ್ಟೆ, ಕಾವು ಕೂರುವುದು ಅಪರೂಪ, ಒಂದು ಕಡೆ ನಿಲ್ಲದ ಚುರುಕು. ನೋಡಲು ನನಗೆ ಇಷ್ಟವಾಗುವುದು ನೀಲಿಬೂದು ಬಣ್ಣದ ಆಂಡಲೂಸಿಯನ್. ಆದರೆ ಎರಡು ನೀಲಿ ಕೋಳಿ ಜೋಡಿ ಮಾಡಿದರೆ ಮರಿಗಳಲ್ಲಿ ಅರ್ಧದಷ್ಟು ಮಾತ್ರ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಬಿಳಿ ಮೈಗೆ ಚುಕ್ಕೆ ಎರಚಿದಂಥವು. ಅದು ಶೋಕಿಯವರ ಕೋಳಿ. ನಮ್ಮ ಕಡೆ ಕೈಗೆ ಸಿಗುವುದು ಲೆಗ್‌ಹಾರ್ನ್ ಒಂದೇ ಅಂತ ಇಟ್ಟುಕೊಳ್ಳಿ.

ಬೆಳೆದ ಹೇಂಟೆ ಸುಮಾರು 2 ಕೆಜಿ, ಹುಂಜ 2.7 ಕೆಜಿ. ಫಾರಂ ಸಂಕರ ಹೇಂಟೆಗಳು ಇನ್ನೂ ಹಗುರ, ಒಂದೂವರೆ ಕೆಜಿ ಆಸುಪಾಸು. ಹಳದಿ ಕಾಲು, ಹಳದಿ ಚರ್ಮ. ಹುಂಜದ ಜುಟ್ಟು ಐದು ಮೊನೆಯಾಗಿ ಸೆಟೆದು ನಿಂತಿರುತ್ತದೆ. ಹೇಂಟೆಯದು ಮೊದಲ ಮೊನೆ ಮಾತ್ರ ನೆಟ್ಟಗೆ, ಉಳಿದದ್ದು ಒಂದು ಕಣ್ಣಿನ ಮೇಲೆ ಮಗುಚಿ ಬಿದ್ದಿರುತ್ತದೆ. ಅದು ರೋಗ ಅಲ್ಲ, ಚಂದಕ್ಕೂ ಅಲ್ಲ. ಕೋಳಿ ಬೆವರುವುದಿಲ್ಲವಲ್ಲ, ಆ ದೊಡ್ಡ ಜುಟ್ಟಿನಲ್ಲಿ ಬಿಸಿ ರಕ್ತ ಓಡಾಡಿ ಮೈ ಶಾಖ ಹೊರಗೆ ಹೋಗುತ್ತದೆ. ನಮ್ಮ ಸೆಕೆಯನ್ನು ಭಾರದ ಮೈಯ ಬೇರೆ ಎಷ್ಟೋ ವಿದೇಶಿ ತಳಿಗಳಿಗಿಂತ ಇದು ಚೆನ್ನಾಗಿ ತಡೆಯುವುದಕ್ಕೆ ಇದೊಂದು ಕಾರಣ. ಚಳಿ ದೇಶದಲ್ಲಿ ಅದೇ ಜುಟ್ಟು ತಲೆನೋವು. ಅಮೆರಿಕ, ಕೆನಡಾದಲ್ಲಿರುವ ಕನ್ನಡದವರು ಮನೆ ಹಿಂದೆ ಸಾಕುವುದಾದರೆ ಗಮನಿಸಿ: ಹಿಮ ಬೀಳುವ ಕಡೆ ಜುಟ್ಟಿನ ತುದಿ ಹೆಪ್ಪುಗಟ್ಟಿ ಕಪ್ಪಾಗಿ ಉದುರುತ್ತದೆ, ಗೂಡಿನೊಳಗೆ ತೇವ ನಿಲ್ಲದ ಹಾಗೆ ಗಾಳಿ ಆಡಬೇಕು.

ಹಂತ 1: ನಿಮಗೆ ಇದೇ ಬೇಕಾ, ಯೋಚಿಸಿ

ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ತಳಿಗಳಲ್ಲಿ ಗಿರಿರಾಜ 130ರಿಂದ 150, ಸ್ವರ್ಣಧಾರ 180 ದಾಟುತ್ತದೆ. ಲೆಗ್‌ಹಾರ್ನ್ ಸಂಕರಗಳು ಫಾರಂನಲ್ಲಿ 300ರ ಗಡಿ ಮುಟ್ಟುತ್ತವೆ. ಹಿತ್ತಲಲ್ಲಿ ಅಷ್ಟು ಬರುವುದಿಲ್ಲ. ವಾರಕ್ಕೆ ನಾಲ್ಕೈದು ಬಂದರೆ ನೀವು ಚೆನ್ನಾಗಿ ಸಾಕಿದ್ದೀರಿ ಅಂತ ಅರ್ಥ.

ಬರೀ ಮೊಟ್ಟೆ ಬೇಕು, ಮೇವಿಗೆ ದುಡ್ಡು ಹಾಕಲು ತಯಾರಿದ್ದೀರಿ, ರಾತ್ರಿ ಗೂಡು ಮುಚ್ಚುವವರು ಮನೆಯಲ್ಲಿದ್ದಾರೆ ಅಂದರೆ ತನ್ನಿ. ಬೆಳಿಗ್ಗೆ ಬಿಟ್ಟು ಸಂಜೆ ಮುಚ್ಚಿದರಾಯಿತು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ ಅನ್ನುವವರು ನಾಟಿ ಅಥವಾ ಗಿರಿರಾಜಕ್ಕೆ ಹೋಗಿ. ಮಾಂಸಕ್ಕೂ ಆಗಲಿ ಅನ್ನುವವರೂ ಅಷ್ಟೇ. ಮಕ್ಕಳು ಎತ್ತಿಕೊಂಡು ಮುದ್ದು ಮಾಡುವ ಕೋಳಿಯೂ ಇದಲ್ಲ. ಹತ್ತಿರ ಹೋದರೆ ಹಾರುತ್ತದೆ, ಹಿಡಿದರೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಮಾರುವ ಯೋಚನೆ ಇದ್ದರೆ, ನಿಮ್ಮ ಹಿತ್ತಲಲ್ಲಿ ಸೊಪ್ಪು ತಿಂದು ಹುಳ ಹೆಕ್ಕಿ ಬೆಳೆದ ಲೆಗ್‌ಹಾರ್ನ್ ಮೊಟ್ಟೆಗೂ ನಾಟಿ ಮೊಟ್ಟೆಯ ರೇಟು ಸಿಗುವುದಿಲ್ಲ. ಬಿಳಿ ಇದೆಯಲ್ಲ, ಫಾರಂದು ಅಂತಾರೆ. ಚಿಪ್ಪಿನ ಬಣ್ಣ ತಳಿಯಿಂದ ಬರುವಂಥದ್ದು, ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಂಡಾರದ, ಅಂದರೆ ಒಳಗಿನ ಹಳದಿ ಭಾಗದ, ಬಣ್ಣ ಮೇವಿನದ್ದು. ಒಡೆದು ತೋರಿಸಿದರೆ ಕೆಲವರು ನಂಬುತ್ತಾರೆ. ಮನೆ ಖರ್ಚಿಗೆ ಮಾತ್ರ ಆದರೆ ಈ ಜಗಳವೇ ಇಲ್ಲ.

ನಾಲ್ಕು ಜನರ ಮನೆಗೆ ನಾಲ್ಕು ಹೇಂಟೆ ಸಾಕು. ಚೆನ್ನಾಗಿ ಇಡುವ ಕಾಲದಲ್ಲಿ ದಿನಕ್ಕೆ ಮೂರು ಮೊಟ್ಟೆ ಸಿಗುತ್ತದೆ. ಹುಂಜ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಅಕ್ಕಪಕ್ಕದವರ ಬೆಳಗಿನ ನಿದ್ದೆಯೂ ಉಳಿಯುತ್ತದೆ.

ಹಂತ 2: ಎಲ್ಲಿಂದ ತರುವುದು, ಯಾವ ವಯಸ್ಸಿನದು

ಅಪ್ಪಟ ಲೆಗ್‌ಹಾರ್ನ್ ಅಂತ ಹುಡುಕಿಕೊಂಡು ಹೋದರೆ ಸುಲಭಕ್ಕೆ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಇರುವುದು ಬಿವಿ-300ರಂಥ ಸಂಕರಗಳು, ಅವೂ ಲೆಗ್‌ಹಾರ್ನ್ ವಂಶವೇ. ಹಿತ್ತಲಿಗೆ ಅದು ಸಾಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಸುತ್ತಮುತ್ತ ಇರುವವರು ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಯಾವ ತಳಿಯ ಮರಿ ಲಭ್ಯ ಅಂತ ಕೇಳಬಹುದು. ಹೋಗುವ ಮೊದಲು ಫೋನ್ ಮಾಡಿ, ಮರಿ ಬೇಕಾದರೆ ಮುಂಗಡ ಹೇಳಿಡಬೇಕಾಗುತ್ತದೆ.

ಮೊದಲ ಸಲ ಸಾಕುವವರು ಒಂದು ದಿನದ ಮರಿ ತರಬೇಡಿ. 12ರಿಂದ 16 ವಾರದ ಹೇಂಟೆ ತನ್ನಿ. ಬೆಲೆ ಜಾಸ್ತಿ, ಆದರೆ ಲಸಿಕೆ ಮುಗಿದಿರುತ್ತದೆ, ಸಾಯುವ ವಯಸ್ಸು ದಾಟಿರುತ್ತದೆ, ತಿಂಗಳೊಪ್ಪತ್ತಿನಲ್ಲಿ ಮೊಟ್ಟೆ ಶುರು. ಯಾವ ಯಾವ ಲಸಿಕೆ ಯಾವಾಗ ಆಗಿದೆ ಅಂತ ಬರೆಸಿಕೊಂಡು ಬನ್ನಿ. ಕೊಕ್ಕು ನೋಡಿ. ಫಾರಂಗೆ ಅಂತ ಬೆಳೆಸಿದ್ದರೆ ತುದಿ ಕತ್ತರಿಸಿರುತ್ತಾರೆ. ಅಂಥ ಕೋಳಿ ಮ್ಯಾಶ್, ಅಂದರೆ ಪುಡಿ ಮೇವು, ಚೆನ್ನಾಗಿ ತಿನ್ನುತ್ತದೆ, ಆದರೆ ಹುಲ್ಲು ಹರಿಯುವುದಕ್ಕೆ, ಹುಳ ಹೆಕ್ಕುವುದಕ್ಕೆ ಒದ್ದಾಡುತ್ತದೆ. ಬಿಟ್ಟು ಸಾಕುವ ಆಸೆ ಇದ್ದರೆ ಕೊಕ್ಕು ಪೂರ್ತಿ ಇರುವುದನ್ನೇ ಕೇಳಿ.

ವ್ಯಾನಿನಲ್ಲಿ, ಬೈಕಿನ ಬುಟ್ಟಿಯಲ್ಲಿ ಬಿಳಿ ಕೋಳಿ ತಂದು 'ಮೊಟ್ಟೆ ಇಡುವ ಕೋಳಿ' ಅಂತ ಅಗ್ಗಕ್ಕೆ ಮಾರುವವರಿದ್ದಾರೆ. ಬಹಳಷ್ಟು ಸಲ ಅವು ಫಾರಂನಲ್ಲಿ ಅವಧಿ ಮುಗಿದು ಹೊರಗೆ ಬಿದ್ದ, 72 ವಾರ ದಾಟಿದ ಕೋಳಿಗಳು. ಗರಿ ಸವೆದಿರುತ್ತದೆ, ಉಗುರು ಉದ್ದ ಬೆಳೆದಿರುತ್ತದೆ, ನೆಲದಲ್ಲಿ ನಡೆದು ಅಭ್ಯಾಸವೇ ಇರುವುದಿಲ್ಲ. ಸಾರಿಗೆ ಬೇಕಾದರೆ ಕೊಳ್ಳಿ, ಮೊಟ್ಟೆಗೆ ಅಂತ ಕೊಳ್ಳಬೇಡಿ. ಪರೀಕ್ಷೆ ಮಾಡುವ ಬಗೆ ಮುಂದೆ ಹೇಳಿದ್ದೇನೆ.

ಹಂತ 3: ಗೂಡು ಮತ್ತು ಬೇಲಿ, ಕೋಳಿ ಬರುವ ಮೊದಲೇ

ಗೂಡಿನೊಳಗೆ ಒಂದು ಕೋಳಿಗೆ ಕಡಿಮೆ ಅಂದರೂ 2 ಚದರ ಅಡಿ, ಹಗಲು ಓಡಾಡಲು ಹೊರಗೆ 10 ಚದರ ಅಡಿ. ನಾಲ್ಕು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಧಾರಾಳ. ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಮೂರು ನಾಲ್ಕು ಇಂಚು ಹಾಸಿ, ದಿನಾ ಒಂದು ಸಲ ಕೆದಕಿ. ಒದ್ದೆಯಾದ ಕಡೆ ತೆಗೆದು ಹೊಸದು ಹಾಕಿ. ರಾತ್ರಿ ಕೂರಲು ಎರಡು ಅಡಿ ಎತ್ತರದಲ್ಲಿ ಒಂದು ಬೊಂಬು ಅಥವಾ ಗಳ ಕಟ್ಟಿ, ಕೋಳಿಗೆ 8 ಇಂಚಿನ ಲೆಕ್ಕ. ಮೊಟ್ಟೆ ಇಡಲು ಒಂದು ಅಡಿ ಚೌಕದ ಡಬ್ಬ ಒಂದು ಸಾಕು, ಕತ್ತಲಿರುವ ಮೂಲೆಯಲ್ಲಿ, ಕೂರುವ ಗಳಕ್ಕಿಂತ ಕೆಳಗೆ. ಡಬ್ಬ ಮೇಲಿದ್ದರೆ ರಾತ್ರಿ ಅಲ್ಲೇ ಹೋಗಿ ಮಲಗಿ ಗಲೀಜು ಮಾಡುತ್ತವೆ.

ಕಿಟಕಿ ಕಡೆಗೆ ಕೋಳಿ ಬಲೆ ಅಂತ ಮಾರುವ ತೆಳು ಷಡ್ಭುಜದ ಜಾಲರಿ ಹಾಕಬೇಡಿ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನಾಯಿ, ಕಾಡುಬೆಕ್ಕು ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿ, ಹಾವೂ ನುಸುಳಬಾರದು. ಮುಂಗುಸಿ ಮಣ್ಣು ಕೊರೆದು ಬರುತ್ತದೆ, ಆದ್ದರಿಂದ ಜಾಲರಿಯನ್ನು ಒಂದಡಿ ನೆಲದೊಳಗೆ ಹೂಳಬೇಕು, ಇಲ್ಲ ಗೂಡನ್ನು ಕಾಲು ಕೊಟ್ಟು ಎತ್ತರಿಸಬೇಕು. ಮಲೆನಾಡಿನಲ್ಲಿ ಎತ್ತರಿಸುವುದೇ ಸರಿ, ಮಳೆಗಾಲದ ತೇವದಿಂದಲೂ ಬಚಾವ್.

ಇನ್ನು ಹಾರುವ ಸಮಸ್ಯೆ. ನಾಲ್ಕಡಿ ಬೇಲಿ ಇದಕ್ಕೆ ಬೇಲಿಯೇ ಅಲ್ಲ. ಬಿಟ್ಟರೆ ಮಾವಿನ ಮರ ಹತ್ತಿ ರಾತ್ರಿ ಅಲ್ಲೇ ಕೂರುತ್ತದೆ. ಆರಡಿ ಬೇಲಿ ಬೇಕು, ಮೇಲೆ ಬಲೆ ಹೊದಿಸಿದರೆ ಇನ್ನೂ ಒಳ್ಳೆಯದು, ಯಾಕಂದರೆ ಹಸಿರು ಹಿತ್ತಲಲ್ಲಿ ಬಿಳಿ ಕೋಳಿ ಹದ್ದಿಗೆ ಮೈಲಿ ದೂರದಿಂದ ಕಾಣುತ್ತದೆ. ನಾಟಿ ಕೋಳಿಯ ಕಂದು ಮೈ ಪೊದೆಯಲ್ಲಿ ಮರೆಯಾಗುತ್ತದೆ, ಇದಕ್ಕೆ ಆ ಭಾಗ್ಯ ಇಲ್ಲ. ಬಲೆ ಹಾಕಲು ಆಗದಿದ್ದರೆ ಒಂದು ರೆಕ್ಕೆಯ ಗರಿ ಕತ್ತರಿಸಿ. ರೆಕ್ಕೆ ಬಿಡಿಸಿದಾಗ ತುದಿಯಲ್ಲಿ ಕಾಣುವ ಹತ್ತು ಉದ್ದ ಗರಿಗಳನ್ನು ಮಾತ್ರ, ಮೇಲೆ ಹೊದ್ದಿರುವ ಚಿಕ್ಕ ಗರಿಯ ಅಂಚಿಗೆ ಸರಿಯಾಗಿ. ಒಂದೇ ಕಡೆ ಕತ್ತರಿಸಬೇಕು, ಆಗ ತೂಕ ತಪ್ಪಿ ಎತ್ತರಕ್ಕೆ ಹಾರಲಾಗುವುದಿಲ್ಲ. ಹೊಸದಾಗಿ ಚಿಗುರುತ್ತಿರುವ, ಬುಡ ನೀಲಿ ಕಪ್ಪಾಗಿ ಕಾಣುವ ಗರಿಯಲ್ಲಿ ರಕ್ತ ಇರುತ್ತದೆ, ಅದನ್ನು ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕು.

ಹಂತ 4: ಮರಿಯಿಂದಲೇ ಶುರು ಮಾಡುವವರಿಗೆ

ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಹೋಗಿ ಬಾಯಿ ಬಿಡುತ್ತಿದ್ದರೆ ಸೆಕೆ, ಹರಡಿಕೊಂಡು ಓಡಾಡುತ್ತಿದ್ದರೆ ಸರಿ. ಎಂಟು ವಾರದವರೆಗೆ ಮರಿಗಳ ಚಿಕ್ ಮ್ಯಾಶ್, ಆಮೇಲೆ ಬೆಳೆಯುವ ಕೋಳಿಯ ಗ್ರೋವರ್ ಮ್ಯಾಶ್. ಮೊಟ್ಟೆ ಇಡುವ ಕೋಳಿಯ ಲೇಯರ್ ಮ್ಯಾಶ್ ಮರಿಗಳಿಗೆ ಹಾಕಲೇಬಾರದು, ಅದರಲ್ಲಿರುವ ಸುಣ್ಣದ ಅಂಶ ಎಳೆ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಕೊಳ್ಳುವಾಗ ಹೇಂಟೆ ಮರಿಯೇ ಕೊಡಿ ಅಂತ ಕೇಳಿ. ಲೇಯರ್ ಹುಂಜ ಮರಿ ಅಂದರೆ ತಿಂದಷ್ಟಕ್ಕೂ ಮಾಂಸ ಕಟ್ಟುವುದಿಲ್ಲ.

ಹಂತ 5: ಮೇವು, ನೀರು, ಸುಣ್ಣ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಲೆಗ್‌ಹಾರ್ನ್ ಸಾಕಿ ಕೈಬಿಟ್ಟವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲೇ.

ಇಡುವ ಹೇಂಟೆ ದಿನಕ್ಕೆ 100ರಿಂದ 110 ಗ್ರಾಂ ಮೇವು ತಿನ್ನುತ್ತದೆ. ವರ್ಷಕ್ಕೆ ಸುಮಾರು 40 ಕೆಜಿ. ನಿಮ್ಮೂರಿನ ಲೇಯರ್ ಮ್ಯಾಶ್ ದರದಿಂದ ಗುಣಿಸಿ, ವರ್ಷದ ಮೊಟ್ಟೆ ಲೆಕ್ಕದಿಂದ ಭಾಗಿಸಿ ನೋಡಿ, ಅಂಗಡಿ ಮೊಟ್ಟೆಗಿಂತ ಅಗ್ಗ ಆಗುತ್ತದೆ ಅನ್ನುವ ಭ್ರಮೆ ಹೋಗುತ್ತದೆ. ಹಿತ್ತಲಲ್ಲಿ ಸಾಕುವುದು ಅಗ್ಗಕ್ಕಲ್ಲ, ಏನು ತಿಂದ ಕೋಳಿಯ ಮೊಟ್ಟೆ ಅಂತ ಗೊತ್ತಿರಲಿ ಅಂತ.

ಉಳಿದ ಅನ್ನ, ಮುದ್ದೆ, ಚಪಾತಿ ಚೂರು ಹಾಕಿಯೇ ಸಾಕುತ್ತೇನೆ ಅಂದರೆ ಆಗುವುದಿಲ್ಲ. ಒಂದು ಮೊಟ್ಟೆ ಅಂದರೆ ಆರು ಗ್ರಾಂನಷ್ಟು ಒಳ್ಳೆಯ ಪ್ರೋಟೀನು, ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ. ಅದು ಅನ್ನದಿಂದ ಎಲ್ಲಿ ಬರಬೇಕು? ಬರೀ ಅನ್ನ ತಿಂದ ಕೋಳಿಗೆ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಮೊಟ್ಟೆ ನಿಲ್ಲುತ್ತದೆ. ಮುಖ್ಯ ಮೇವು ಲೇಯರ್ ಮ್ಯಾಶ್ ಇರಲಿ. ಅದರಲ್ಲಿ 16ರಿಂದ 18 ಶೇಕಡಾ ಪ್ರೋಟೀನು, ಮೂರೂವರೆ ಶೇಕಡಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಮನೆಯ ಉಳಿಕೆ ಹತ್ತರಲ್ಲಿ ಒಂದು ಪಾಲು ದಾಟದಿರಲಿ, ಉಪ್ಪು ಖಾರ ಇದ್ದದ್ದು ಬೇಡವೇ ಬೇಡ. ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ನೀರಿನಲ್ಲಿ ತೇಲಿ ಬೆಳೆಯುವ ಅಜೋಲಾ ಕೊಡಿ, ಸೊಪ್ಪನ್ನು ಕಟ್ಟಾಗಿ ಕಟ್ಟಿ ನೇತು ಹಾಕಿದರೆ ಇಡೀ ಮಧ್ಯಾಹ್ನ ಅದರ ಹಿಂದೆಯೇ ಇರುತ್ತವೆ, ಒಂದನ್ನೊಂದು ಕುಕ್ಕುವುದೂ ಕಡಿಮೆ. ಭಂಡಾರ ಕೇಸರಿ ಬಣ್ಣಕ್ಕೆ ತಿರುಗುವುದೂ ಇದರಿಂದಲೇ.

ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಕೋಳಿಗೆ ತಾನೇ ಅಂತ ಹಾಕಬೇಡಿ. ಮಳೆಗಾಲದಲ್ಲಿ ಚೀಲದೊಳಗೆ ಕಣ್ಣಿಗೆ ಕಾಣದ ಬೂಸ್ಟೂ ಇರುತ್ತದೆ, ಅದರ ವಿಷ ಯಕೃತ್ತಿಗೆ ಹೋಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಚೀಲ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ.

ಇನ್ನು ಚಿಪ್ಪು. ಮೊಟ್ಟೆಯ ಚಿಪ್ಪು ಕಟ್ಟುವುದು ಬಹುಪಾಲು ರಾತ್ರಿ, ಕೋಳಿ ನಿದ್ದೆಯಲ್ಲಿದ್ದಾಗ. ಆ ಹೊತ್ತಿಗೆ ಹೊಟ್ಟೆಯಲ್ಲಿ ಸುಣ್ಣ ಇಲ್ಲದಿದ್ದರೆ ತನ್ನ ಎಲುಬಿನಿಂದ ಕರಗಿಸಿ ಹಾಕುತ್ತದೆ. ನಾಟಿ ಕೋಳಿ ಕಾವಿಗೆ ಕೂತಾಗ ತಿಂಗಳುಗಟ್ಟಲೆ ವಿಶ್ರಾಂತಿ ಸಿಗುತ್ತದೆ, ಎಲುಬು ಸುಧಾರಿಸಿಕೊಳ್ಳುತ್ತದೆ. ಇದಕ್ಕೆ ಆ ರಜೆ ಇಲ್ಲ. ಹೀಗೆ ಆಗುತ್ತಾ ಹೋದರೆ ಮೊದಲು ತೆಳು ಚಿಪ್ಪು, ಆಮೇಲೆ ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ, ಕೊನೆಗೆ ಒಂದು ದಿನ ಕೋಳಿ ಕಾಲು ಊರಲಾಗದೆ ಮಲಗಿಬಿಡುತ್ತದೆ. ಆದ್ದರಿಂದ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಯಾವಾಗಲೂ ಇರಲಿ. ಪುಡಿಗಿಂತ ಚೂರು ಒಳ್ಳೆಯದು, ನಿಧಾನಕ್ಕೆ ಕರಗುತ್ತದೆ, ರಾತ್ರಿವರೆಗೂ ಒದಗುತ್ತದೆ. ಸಂಜೆ ನಾಲ್ಕೈದರ ಹೊತ್ತಿಗೆ ಬಟ್ಟಲು ಖಾಲಿ ಇದೆಯಾ ನೋಡಿ, ಆ ಹೊತ್ತಿಗೇ ಅವು ಹೋಗಿ ಹೆಕ್ಕುತ್ತವೆ, ನಾಳೆ ಮೊಟ್ಟೆ ಇಡಬೇಕಾದದ್ದು ಜಾಸ್ತಿ ಹೆಕ್ಕುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನೂ ಕೊಡಬಹುದು, ಬಿಸಿಲಲ್ಲಿ ಒಣಗಿಸಿ ಬಾಣಲೆಯಲ್ಲಿ ಹುರಿದು ಚೂರು ಮಾಡಿ. ಅರ್ಧ ಓಡು ಹಾಗೇ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತಬಹುದು.

ನೀರು ದಿನಕ್ಕೆ ಕೋಳಿಗೆ ಕಾಲು ಲೀಟರ್, ಬೇಸಿಗೆಯಲ್ಲಿ ಅದರ ಎರಡರಷ್ಟು. ಅರ್ಧ ದಿನ ನೀರು ತಪ್ಪಿದರೂ ಮೊಟ್ಟೆ ಕಡಿಮೆಯಾಗುತ್ತದೆ.

ಹಂತ 6: ಬೆಳಕು, ಬೇಸಿಗೆ, ಮಳೆ

ಲಿವೋರ್ನೊದಲ್ಲಿ ಚಳಿಗಾಲದ ಹಗಲು ಒಂಬತ್ತೇ ಗಂಟೆ. ಬೆಳಕು ಕಡಿಮೆಯಾದರೆ ಮೊಟ್ಟೆ ನಿಲ್ಲುತ್ತದೆ, ಅದಕ್ಕೇ ಆ ಕಡೆಯವರು ಗೂಡಿಗೆ ದೀಪ ಹಾಕುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆಗೆ ಮೇಲೆ ಹಗಲು ಇರುತ್ತದೆ, ಆ ತೊಂದರೆ ನಮಗೆ ಅಷ್ಟಿಲ್ಲ. ಫಾರಂನವರು ಬೆಳಕನ್ನು 16 ಗಂಟೆಗೆ ಏರಿಸುತ್ತಾರೆ. ನೀವು ಬೇಕಾದರೆ ಬೆಳಗಿನ ಜಾವ ಒಂದೆರಡು ಗಂಟೆ ಚಿಕ್ಕ ಬಲ್ಬು ಉರಿಸಿ, ಬೇಡದಿದ್ದರೆ ಬಿಡಿ. ನಾನಂತೂ ಬಿಡಿ ಅನ್ನುತ್ತೇನೆ. ನಾಲ್ಕು ಕೋಳಿಯಿಂದ ವಾರಕ್ಕೆ ಇನ್ನೆರಡು ಮೊಟ್ಟೆ ಹಿಂಡಿ ಏನಾಗಬೇಕು.

ಸೆಕೆಗೆ ಹೊಂದಿಕೊಳ್ಳುತ್ತದೆ ಅಂದ ಮಾತ್ರಕ್ಕೆ ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಕೆಳಗೆ ಇಡಬಹುದು ಅಂತಲ್ಲ. ಸೆಕೆ ಮಿತಿ ಮೀರಿದರೆ ರೆಕ್ಕೆ ಅಗಲಿಸಿ ಬಾಯಿ ಬಿಡುತ್ತವೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಪಕ್ಕಕ್ಕೆ ಒದ್ದೆ ಗೋಣಿ ಕಟ್ಟಿ, ಮೇವನ್ನು ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಬಿಸಿಲು ಇಳಿದ ಮೇಲೆ ಕೊಡಿ, ತಂಪು ನೀರು ಎರಡು ಕಡೆ ಇಡಿ. ಮಳೆಗಾಲದಲ್ಲಿ ಒಂದೇ ಸೂತ್ರ: ಹಾಸು ಒಣಗಿರಬೇಕು. ಒದ್ದೆ ಹಾಸಿನಲ್ಲಿ ರಕ್ತಭೇದಿ, ಹುಳ, ಕೆಮ್ಮು ಎಲ್ಲ ಬರುತ್ತದೆ. ಒಂದು ಮೂಲೆಯಲ್ಲಿ ಮಳೆ ಬೀಳದ ಕಡೆ ಬೂದಿ, ಒಣ ಮಣ್ಣು ಬೆರೆಸಿ ಹಾಕಿಡಿ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಹಂತ 7: ಲಸಿಕೆ

ರಾಣಿಖೇತ್, ಅಂದರೆ ನಮ್ಮ ಕೊಕ್ಕರೆ ರೋಗ, ಬಂದರೆ ಗೂಡಿಗೆ ಗೂಡೇ ಖಾಲಿ. ಔಷಧಿ ಇಲ್ಲ, ಲಸಿಕೆ ಮಾತ್ರ. ಮರಿ 5ರಿಂದ 7 ದಿನದಲ್ಲಿದ್ದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೆ, 8ರಿಂದ 10 ವಾರಕ್ಕೆ ಅದೇ ರೋಗಕ್ಕೆ ಆರ್2ಬಿ ಅನ್ನುವ ಚುಚ್ಚುಮದ್ದು. ಮರಿಗಳ ರೋಗ ತಡೆಯುವ ಶಕ್ತಿ ಕುಗ್ಗಿಸುವ ಗಂಬೊರೊ ರೋಗದ ಲಸಿಕೆ ಎರಡನೇ ವಾರದಲ್ಲಿ, ಸಿಡುಬಿನದು ಆರೇಳು ವಾರಕ್ಕೆ. ಕಾಲು ರೆಕ್ಕೆ ಸ್ವಾಧೀನ ತಪ್ಪಿಸುವ ಮ್ಯಾರೆಕ್ಸ್ ರೋಗದ ಲಸಿಕೆ ಮರಿ ಮಾಡಿಸುವ ಹ್ಯಾಚರಿಯಲ್ಲೇ ಆಗಿರಬೇಕು. ನಿಮ್ಮ ಕಡೆ ಯಾವ ರೋಗ ಜಾಸ್ತಿ ಅನ್ನುವುದರ ಮೇಲೆ ಪಶುವೈದ್ಯರು ಇದನ್ನು ಹಿಂದೆ ಮುಂದೆ ಮಾಡುತ್ತಾರೆ.

ಚಿಕ್ಕದಾಗಿ ಸಾಕುವವರ ಕಷ್ಟ ಏನೆಂದರೆ, ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬೀದಿಯಲ್ಲಿ ಕೋಳಿ ಇರುವ ನಾಲ್ಕೈದು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಪಕ್ಕದ ಮನೆಯ ನಾಟಿ ಕೋಳಿಗೂ ಆದರೆ ನಿಮ್ಮದಕ್ಕೇ ರಕ್ಷಣೆ. ಹೊರಗೆ ಮೇಯುವ ಕೋಳಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ. ಒಮ್ಮೆಗೇ ಎರಡು ಮೂರು ಕೋಳಿ ಸತ್ತರೆ ಬರಿಗೈಲಿ ಮುಟ್ಟಬೇಡಿ, ಕೊಯ್ಯಲೂ ಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಹಂತ 8: ಯಾವುದು ಇಡುತ್ತಿದೆ, ಯಾವುದು ಸುಮ್ನೆ ತಿನ್ನುತ್ತಿದೆ

ಈ ತಳಿಯ ಹಳದಿ ಚರ್ಮ ಒಂದು ದೊಡ್ಡ ಅನುಕೂಲ. ಮೈಯೇ ಲೆಕ್ಕದ ಪುಸ್ತಕ. ಮೆಕ್ಕೆಜೋಳ, ಸೊಪ್ಪಿನಿಂದ ಬರುವ ಹಳದಿ ಬಣ್ಣ ಕೋಳಿ ಇಡದಿದ್ದಾಗ ಚರ್ಮಕ್ಕೆ ಹೋಗುತ್ತದೆ. ಇಡಲು ಶುರು ಮಾಡಿದ ಮೇಲೆ ಅದೆಲ್ಲ ಭಂಡಾರಕ್ಕೆ ತಿರುಗುತ್ತದೆ, ಮೈ ಒಂದು ಕ್ರಮದಲ್ಲಿ ಬಿಳಿಚಿಕೊಳ್ಳುತ್ತಾ ಬರುತ್ತದೆ. ಮೊದಲು ಮೊಟ್ಟೆ ಬರುವ ದ್ವಾರದ ಸುತ್ತ, ಕೆಲವೇ ದಿನದಲ್ಲಿ. ಆಮೇಲೆ ಕಣ್ಣಿನ ಸುತ್ತಲ ಉಂಗುರ, ಕಿವಿ ಹಾಲೆ. ಆಮೇಲೆ ಕೊಕ್ಕು, ಬುಡದಿಂದ ತುದಿಯ ಕಡೆಗೆ, ಇದಕ್ಕೆ ಒಂದೂವರೆ ತಿಂಗಳು. ಕೊನೆಗೆ ಕಾಲು, ನಾಲ್ಕೈದು ತಿಂಗಳು ಸತತ ಇಟ್ಟ ಮೇಲೆ. ನಿಲ್ಲಿಸಿದಾಗ ಹಳದಿ ಇದೇ ಕ್ರಮದಲ್ಲಿ ವಾಪಸ್ ಬರುತ್ತದೆ, ದ್ವಾರದಿಂದಲೇ ಶುರು.

ಹಾಗಾಗಿ ಕಾಲು, ಕೊಕ್ಕು ಅಚ್ಚ ಹಳದಿಯಾಗಿ ಮಿರಿಮಿರಿ ಹೊಳೆಯುವ ದೊಡ್ಡ ಹೇಂಟೆ ನೋಡಿ ಎಷ್ಟು ಚೆನ್ನಾಗಿದೆ ಅನ್ನಬೇಡಿ, ಅದು ಬಹಳ ದಿನದಿಂದ ಮೊಟ್ಟೆಯೇ ಇಟ್ಟಿಲ್ಲ. ಬಿಳಿಚಿದ ಕಾಲು, ಸವೆದ ಬಾಲದ ಗರಿ, ಕೆಂಪಗೆ ತುಂಬಿದ ಜುಟ್ಟು ಇರುವ ಬಡಕಲಿ ಇದೆಯಲ್ಲ, ಅದೇ ದುಡಿಯುವುದು. ಕಾಲು ಬಿಳಿ, ಆದರೆ ದ್ವಾರ, ಕಣ್ಣುಂಗುರ ಮಾತ್ರ ಹಳದಿ ಅಂದರೆ ಇಷ್ಟು ದಿನ ಇಟ್ಟು ಈಗ ನಿಲ್ಲಿಸಿದೆ ಅಂತ. ವ್ಯಾನಿನವರ ಕೋಳಿಗಳಲ್ಲಿ ಇಂಥದ್ದು ತುಂಬ ಕಾಣಬಹುದು.

ಇನ್ನೊಂದು ಪರೀಕ್ಷೆ ಬೆರಳಿನದು. ಕೋಳಿಯನ್ನು ಕಂಕುಳಲ್ಲಿ ಹಿಂದುಮುಂದಾಗಿ ಹಿಡಿದು, ದ್ವಾರದ ಎರಡು ಬದಿಗೆ ಸಿಗುವ ಚೂಪು ಎಲುಬುಗಳ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿಸಿದರೆ ಇಡುತ್ತಿದೆ, ಒಂದೇ ಬೆರಳಾದರೆ ಇಲ್ಲ. ಇಡುವ ಕೋಳಿಯ ದ್ವಾರ ಅಗಲವಾಗಿ, ತೇವವಾಗಿ ಇರುತ್ತದೆ, ಇಡದ್ದು ಸಣ್ಣಗೆ ಒಣಗಿ ಸುಕ್ಕಾಗಿರುತ್ತದೆ. ರಾತ್ರಿ ಟಾರ್ಚ್ ಹಿಡಿದು ಮಾಡಿ, ಗಳದ ಮೇಲಿಂದ ಸುಮ್ಮನೆ ಎತ್ತಿಕೊಳ್ಳಬಹುದು. ಹಗಲು ಇದನ್ನು ಹಿಡಿಯಲು ಹೋದರೆ ನಿಮಗೂ ಸುಸ್ತು, ಅದಕ್ಕೂ ಸುಸ್ತು, ಮರುದಿನ ಮೊಟ್ಟೆಯೂ ಇರುವುದಿಲ್ಲ.

ಹಂತ 9: ಮರಿ ಬೇಕಾದರೆ

ಇದು ಕಾವು ಕೂರುವುದನ್ನು ಕಾಯಬೇಡಿ. ಒಂದು ನಾಟಿ ಹೇಂಟೆ ಸಾಕಿ. ಅದು ಕೂತಾಗ ಲೆಗ್‌ಹಾರ್ನ್ ಮೊಟ್ಟೆ ಹತ್ತು ಹನ್ನೆರಡು ಕೆಳಗಿಡಿ, 21 ದಿನಕ್ಕೆ ಮರಿ. ನಾಟಿ ತಾಯಿ ಅವನ್ನೂ ತನ್ನದೇ ಅಂತ ಸಾಕುತ್ತದೆ. ಕಾವಿಗಿಡುವ ಮೊಟ್ಟೆ ಹುಂಜದ ಜೊತೆ ಇರುವ ಹೇಂಟೆಯದ್ದೇ ಆಗಿರಬೇಕು ಅನ್ನುವುದು ಗೊತ್ತಿರಲಿ, ಅಂಗಡಿ ಮೊಟ್ಟೆ ಇಟ್ಟು ಕಾದವರೂ ಇದ್ದಾರೆ. ಫಾರಂ ಸಂಕರಗಳ ಮರಿಗಳು ತಾಯಿಯಷ್ಟೇ ಇಡುತ್ತವೆ ಅಂತ ಖಾತ್ರಿ ಇಲ್ಲ. ನಾಟಿ ಹುಂಜಕ್ಕೆ ಜೋಡಿ ಮಾಡಿದರೆ ಮರಿಗಳು ಬಹುಪಾಲು ಬಿಳಿ, ಅಲ್ಲಲ್ಲಿ ಕಪ್ಪು ಚುಕ್ಕೆ, ತಾಯಿಗಿಂತ ಮೊಟ್ಟೆ ಕಡಿಮೆ, ಗಟ್ಟಿತನ ಜಾಸ್ತಿ. ಹಿತ್ತಲಿಗೆ ಅದು ಕೆಟ್ಟ ವ್ಯಾಪಾರವೇನಲ್ಲ.

ಹಂತ 10: ಎರಡನೇ ವರ್ಷ

ಒಂದೂವರೆ ವರ್ಷದ ಹೊತ್ತಿಗೆ ಗರಿ ಉದುರಿಸುತ್ತವೆ. ಅಂಗಳದ ತುಂಬ ಬಿಳಿ ಗರಿ, ಕೋಳಿ ಬೋಳು ಬೋಳು, ಎರಡು ತಿಂಗಳು ಮೊಟ್ಟೆ ಇಲ್ಲ. ರೋಗ ಅಂತ ಗಾಬರಿ ಬೀಳಬೇಡಿ. ಆಗ ಸ್ವಲ್ಪ ಜಾಸ್ತಿ ಪ್ರೋಟೀನು ಕೊಡಿ, ಒಣ ಮೀನಿನ ಪುಡಿ ಆಗುತ್ತದೆ, ಉಪ್ಪು ಹಾಕದೆ ಒಣಗಿಸಿದ್ದು. ಮತ್ತೆ ಇಡಲು ಶುರು ಮಾಡಿದಾಗ ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು. ಫಾರಂನವರಿಗೆ ಅದು ನಷ್ಟದ ಲೆಕ್ಕ. ಹಿತ್ತಲಲ್ಲಿ ಮೂರು ವರ್ಷದವರೆಗೆ ಇಟ್ಟುಕೊಳ್ಳಬಹುದು.

ಎಲ್ಲವನ್ನೂ ಒಂದೇ ಸಲ ತಂದರೆ ಎಲ್ಲವೂ ಒಂದೇ ಸಲ ನಿಲ್ಲಿಸುತ್ತವೆ. ಆದ್ದರಿಂದ ವರ್ಷಕ್ಕೆ ಎರಡು ಹೊಸ ಹೇಂಟೆ ಸೇರಿಸುತ್ತಾ ಹೋಗಿ. ಹೊಸದನ್ನು ತಂದ ದಿನವೇ ಹಳೆಯದರ ನಡುವೆ ಬಿಡಬೇಡಿ. ಮೊದಲು ಎರಡು ವಾರ ದೂರದಲ್ಲಿ ಬೇರೆ ಇಟ್ಟು ಕೆಮ್ಮು, ಭೇದಿ ಇದೆಯಾ ನೋಡಿ, ಆಮೇಲೆ ಒಂದು ವಾರ ನಡುವೆ ಜಾಲರಿ ಹಾಕಿ ಪರಸ್ಪರ ಕಾಣುವ ಹಾಗೆ ಇಡಿ, ಆಮೇಲೆ ರಾತ್ರಿ ಕತ್ತಲಲ್ಲಿ ಒಯ್ದು ಗಳದ ಮೇಲೆ ಹಳೆಯದರ ಪಕ್ಕ ಕೂರಿಸಿ. ಬೆಳಿಗ್ಗೆ ಸ್ವಲ್ಪ ಕುಕ್ಕಾಟ ಇರುತ್ತದೆ, ರಕ್ತ ಬರದಿದ್ದರೆ ನಡುವೆ ಹೋಗಬೇಡಿ. ಮೇವಿನ ಬಟ್ಟಲು ಮಾತ್ರ ಎರಡು ಇಡಿ, ಒಂದನ್ನು ಹಳೆಯ ಯಜಮಾನಿ ಕಾಯುತ್ತಾ ನಿಂತರೂ ಇನ್ನೊಂದರಲ್ಲಿ ಹೊಸವು ತಿನ್ನುತ್ತವೆ.